ತ್ರಿಕೋನ ಎಲ್ಲೆಲ್ಲಿ ಅಡಗಿದೆ?

ಮಕ್ಕಳೇ, ಅಡುಗೆ ಮನೆಯ ಒಗ್ಗರಣೆ ಡಬ್ಬಿಯಲ್ಲಿರುವ ಮೆಂತ್ಯ, ಈಜಿಪ್ಟ್ ದೇಶದಲ್ಲಿ ನೈಲ್ ನದಿ ಸಮುದ್ರ ಸೇರುವ ಜಾಗ, ಚುಚ್ಚುಮದ್ದು ಹಾಕಿಸಿಕೊಳ್ಳುವ ನಿಮ್ಮ ತೋಳಿನ ಮೇಲ್ಭಾಗ. ಈ ಮೂರಕ್ಕೂ ಏನಾದರೂ ಸಂಬಂಧವಿದೆಯೇ? ಇಲ್ಲ ಎಂದೇ ಎಲ್ಲರೂ ಹೇಳುವಿರಿ. ಆದರೆ ವಿಜ್ಞಾನಿಗಳು ಇವುಗಳಿಗೆ ಇಟ್ಟಿರುವ ಹೆಸರುಗಳನ್ನು ಬಿಡಿಸಿ ನೋಡಿದರೆ ಮೂರರಲ್ಲೂ ಒಂದು ತ್ರಿಕೋನ ಸಿಗುತ್ತದೆ.

ವಿಜ್ಞಾನದ ಹೆಸರುಗಳೆಂದರೆ ಬಾಯಿಪಾಠ ಮಾಡಬೇಕಾದ ಕಷ್ಟದ ಪದಗಳು ಎಂದು ನಿಮ್ಮಲ್ಲಿ ಹಲವರ ದೂರು. ಹೆಸರಿನ ಅರ್ಥ ತಿಳಿದರೆ ಆ ಕಷ್ಟ ಅರ್ಧದಷ್ಟು ಕಡಿಮೆಯಾಗುತ್ತದೆ. ಬನ್ನಿ, ಈ ಸಲ ಒಂದೇ ಒಂದು ಪದದ ಬೆನ್ನು ಹತ್ತಿ ಹೋಗೋಣ.

ಮೂರು ಮೂಲೆ, ಮೂರು ತೋಳು

ಗ್ರೀಕ್ ಭಾಷೆಯಲ್ಲಿ ತ್ರಿಕೋನಕ್ಕೆ 'ಟ್ರೈಗೋನಾನ್' ಎನ್ನುತ್ತಾರೆ. 'ಟ್ರೈ' ಎಂದರೆ ಮೂರು, 'ಗೋನಿಯಾ' ಎಂದರೆ ಮೂಲೆ ಅಥವಾ ಕೋನ. ಈ ಗೋನಿಯಾ ಎಂಬ ಪದ ಮೊಣಕಾಲು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಕುಳಿತಾಗ ಮಡಚಿದ ಮೊಣಕಾಲನ್ನು ನೋಡಿಕೊಳ್ಳಿ. ಅಲ್ಲೊಂದು ಕೋನ ಕಾಣುತ್ತದೆಯಲ್ಲವೇ? ಸಂಸ್ಕೃತದಲ್ಲಿ ಮೊಣಕಾಲಿಗೆ 'ಜಾನು' ಎಂಬ ಪದವಿದೆ. ಮೊಣಕಾಲು ಮುಟ್ಟುವಷ್ಟು ಉದ್ದದ ಕೈಗಳಿರುವವನನ್ನು 'ಆಜಾನುಬಾಹು' ಎನ್ನುವುದನ್ನು ಕಥೆಗಳಲ್ಲಿ ಕೇಳಿರುತ್ತೀರಿ. ಆ ಗ್ರೀಕ್ ಪದವೂ ನಮ್ಮ ಜಾನುವೂ ಒಂದೇ ಮೂಲದಿಂದ ಬಂದ ಅಣ್ಣತಮ್ಮಂದಿರು ಎಂದು ಭಾಷಾತಜ್ಞರು ಹೇಳುತ್ತಾರೆ. ಇನ್ನು 'ಕೋನ' ಎಂಬ ಪದವು ಹಿಂದೆ ಗ್ರೀಕರ ಖಗೋಳಶಾಸ್ತ್ರದ ಜೊತೆಯಲ್ಲಿ ಗೋನಿಯಾದಿಂದಲೇ ನಮ್ಮಲ್ಲಿಗೆ ಬಂದಿತು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ನಮ್ಮ ಗಣಿತ ಪುಸ್ತಕದಲ್ಲಿ ಇದೇ ಆಕೃತಿಗೆ 'ತ್ರಿಭುಜ' ಎಂಬ ಇನ್ನೊಂದು ಹೆಸರಿದೆ. ಇದು ನಮ್ಮ ನಾಡಿನ ಹಳೆಯ ಹೆಸರು. ಆರ್ಯಭಟನು ಕ್ರಿ.ಶ. 499ರ ಸುಮಾರಿಗೆ ಬರೆದ 'ಆರ್ಯಭಟೀಯ'ದಲ್ಲಿ ತ್ರಿಭುಜದ ಕ್ಷೇತ್ರಫಲ ಕಂಡುಹಿಡಿಯುವ ಸೂತ್ರವನ್ನು ಹೇಳುವಾಗ ಈ ಪದವನ್ನೇ ಬಳಸಿದ್ದಾನೆ. ಭುಜ ಎಂದರೆ ಸಂಸ್ಕೃತದಲ್ಲಿ ತೋಳು. ಕನ್ನಡದಲ್ಲಿ ಮಾತನಾಡುವಾಗ ನಾವು ಹೆಗಲನ್ನೂ ಭುಜ ಎನ್ನುತ್ತೇವೆ. ಗ್ರೀಕರು ಆ ಆಕೃತಿಯ ಮೂಲೆಗಳನ್ನು ಎಣಿಸಿದರು, ನಮ್ಮವರು ಬದಿಗಳನ್ನು ಎಣಿಸಿ ತೋಳು ಎಂದರು. ಈ ತೋಳಿನ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೆಂತ್ಯದಲ್ಲಿ ತ್ರಿಕೋನ

ಮೆಂತ್ಯದ ವೈಜ್ಞಾನಿಕ ಹೆಸರು 'ಟ್ರೈಗೊನೆಲ್ಲಾ ಫೀನಮ್-ಗ್ರೀಕಮ್'. ಸ್ವೀಡನ್ ದೇಶದ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ಹೆಸರಿದೆ. ಟ್ರೈಗೊನೆಲ್ಲಾ ಎಂದರೆ 'ಪುಟ್ಟ ತ್ರಿಕೋನ'. ಫೀನಮ್-ಗ್ರೀಕಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಗ್ರೀಕರ ಒಣಹುಲ್ಲು'. ಆ ಕಡೆಯ ಜನ ಮೆಂತ್ಯದ ಗಿಡವನ್ನು ದನಗಳಿಗೆ ಮೇವಾಗಿ ಹಾಕುತ್ತಿದ್ದರು. ನಾವು ಪಲ್ಯ, ರೊಟ್ಟಿ, ದೋಸೆಗಳಿಗೆ ಹಾಕಿಕೊಳ್ಳುವ ಸೊಪ್ಪಿಗೆ ಒಣಹುಲ್ಲು ಎಂಬ ಹೆಸರು ಬಿದ್ದಿರುವುದನ್ನು ಕೇಳಿದರೆ ನಿಮ್ಮ ಅಜ್ಜಿಗೆ ಖಂಡಿತ ಸಿಟ್ಟು ಬರುತ್ತದೆ!

ಸರಿ, ತ್ರಿಕೋನ ಎಲ್ಲಿದೆ? ಈಗಲೇ ಎದ್ದು ಹೋಗಿ ಡಬ್ಬಿಯಿಂದ ಒಂದು ಮೆಂತ್ಯದ ಕಾಳು ತಂದು ನೋಡಬೇಡಿ. ಕಾಳು ತ್ರಿಕೋನವಾಗಿಲ್ಲ. ಅದು ಓರೆಯಾದ ಚೌಕದಂತಿದೆ, ಮೇಲೆ ಒಂದು ಗೀರೂ ಇದೆ. ಎಲೆಯಲ್ಲಿ ಮೂರು ಕಿರು ಎಲೆಗಳಿರುವುದು ನಿಜ, ಆದರೆ ಅದೂ ಅಲ್ಲ. ತ್ರಿಕೋನ ಇರುವುದು ಹೂವಿನಲ್ಲಿ.

ಮೆಂತ್ಯವು ಅವರೆ, ತೊಗರಿ, ಬಟಾಣಿಗಳ ಕುಟುಂಬಕ್ಕೆ ಸೇರಿದೆ. ಈ ಕುಟುಂಬದ ಹೂವಿಗೆ ಐದು ದಳಗಳು. ಹಿಂದೆ ಬಾವುಟದಂತೆ ನಿಂತ ಒಂದು ದೊಡ್ಡ ದಳ, ಅಕ್ಕಪಕ್ಕ ರೆಕ್ಕೆಗಳಂತಹ ಎರಡು, ಕೆಳಗೆ ಕೂಡಿಕೊಂಡು ದೋಣಿಯಂತಾದ ಇನ್ನೆರಡು. ಮೆಂತ್ಯದ ಹೂವಿನಲ್ಲಿ ಈ ದೋಣಿ ತೀರಾ ಚಿಕ್ಕದು. ಹಾಗಾಗಿ ಎದುರಿನಿಂದ ನೋಡಿದರೆ ಬಾವುಟ ಮತ್ತು ಎರಡು ರೆಕ್ಕೆ ಮಾತ್ರ ಎದ್ದು ಕಂಡು, ಹೂವು ಮೂರು ಮೂಲೆಯ ಆಕಾರ ತೋರುತ್ತದೆ. ಸೊಪ್ಪಿಗಾಗಿ ಬೆಳೆದ ಮೆಂತ್ಯವನ್ನು ನಾವು ಹೂ ಬಿಡುವ ಮೊದಲೇ ಕಿತ್ತುಬಿಡುವುದರಿಂದ ಈ ಹೂವನ್ನು ಕಂಡವರು ಕಡಿಮೆ. ಶಾಲೆಯ ಕೈತೋಟದಲ್ಲಿ ಒಂದು ಹಿಡಿ ಮೆಂತ್ಯ ಬಿತ್ತಿ, ನಾಲ್ಕಾರು ಗಿಡಗಳನ್ನು ಕೀಳದೆ ಬಿಡಿ. ಚಳಿಗಾಲವಾದರೆ ಒಳ್ಳೆಯದು. ಸುಮಾರು ಒಂದೂವರೆ ತಿಂಗಳಿನಲ್ಲಿ ತಿಳಿ ಹಳದಿ ಮಿಶ್ರಿತ ಬಿಳಿ ಹೂಗಳು ಕಾಣಿಸಿಕೊಳ್ಳುತ್ತವೆ.

ಕಥೆ ಇಲ್ಲಿಗೆ ನಿಲ್ಲಲಿಲ್ಲ. 1885ರಲ್ಲಿ ಯಾನ್ಸ್ ಎಂಬ ರಸಾಯನಶಾಸ್ತ್ರಜ್ಞ ಮೆಂತ್ಯದ ಕಾಳಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದ. ಟ್ರೈಗೊನೆಲ್ಲಾ ಗಿಡದಲ್ಲಿ ಸಿಕ್ಕಿದ್ದರಿಂದ ಅದಕ್ಕೆ 'ಟ್ರೈಗೊನೆಲಿನ್' ಎಂದು ಹೆಸರಾಯಿತು. ರುಚಿ ಕಹಿ. ಆಮೇಲೆ ನೋಡಿದರೆ ಇದೇ ವಸ್ತು ಕಾಫಿ ಬೀಜದಲ್ಲೂ ಇತ್ತು. ಹುರಿಯದ ಕಾಫಿ ಬೀಜದಲ್ಲಿ ಇದು ಸುಮಾರು ನೂರರಲ್ಲಿ ಒಂದು ಪಾಲಿನಷ್ಟಿರುತ್ತದೆ. ಚಿಕ್ಕಮಗಳೂರು, ಕೊಡಗು, ಹಾಸನದ ಮಕ್ಕಳಿಗೆ ಕಾಫಿ ಹುರಿಯುವ ಘಮ ಹೊಸದಲ್ಲ. ಹುರಿಯುವಾಗ ಕಾವಿಗೆ ಟ್ರೈಗೊನೆಲಿನ್ ಒಡೆಯುತ್ತದೆ. ಅದರಿಂದ ಪರಿಮಳದ ಕೆಲವು ವಸ್ತುಗಳು ಹುಟ್ಟುತ್ತವೆ. ಜೊತೆಗೆ ಒಂದಿಷ್ಟು ನಯಾಸಿನ್ ಕೂಡ ಉಂಟಾಗುತ್ತದೆ. ನಯಾಸಿನ್ ಎಂದರೆ ಬಿ ಗುಂಪಿನ ಒಂದು ಜೀವಸತ್ವ. ಹಾಗೆಂದು ಜೀವಸತ್ವಕ್ಕಾಗಿ ಕಾಫಿ ಕುಡಿಯಲು ಹೋಗಬೇಡಿ. ಒಂದು ಹಿಡಿ ಶೇಂಗಾದಲ್ಲಿ ನಯಾಸಿನ್ ಬೇಕಾದಷ್ಟಿದೆ.

ಇಲ್ಲಿ ಒಂದು ತಮಾಷೆ ಗಮನಿಸಿ. ಟ್ರೈಗೊನೆಲಿನ್ ಅಣುವಿನ ಚಿತ್ರ ಬರೆದರೆ ಅದರಲ್ಲಿ ಒಂದೂ ತ್ರಿಕೋನವಿಲ್ಲ. ಐದು ಇಂಗಾಲದ ಪರಮಾಣು ಮತ್ತು ಒಂದು ನೈಟ್ರೋಜನ್ ಪರಮಾಣು ಸೇರಿದ ಆರು ಮೂಲೆಯ ಉಂಗುರ ಅದರ ನಡುವೆ ಇದೆ! ಹೂವಿನ ಆಕಾರದಿಂದ ಗಿಡಕ್ಕೆ ಹೆಸರು ಬಂತು. ಗಿಡದಿಂದ ಅದರೊಳಗಿನ ವಸ್ತುವಿಗೆ ಹೋಯಿತು. ಅಲ್ಲಿಂದ ಕಾಫಿ ಲೋಟಕ್ಕೂ ಬಂತು. ಹೆಸರು ಮುಂದೆ ಮುಂದೆ ನಡೆಯಿತು, ಆಕಾರ ಮಾತ್ರ ಹೂವಿನಲ್ಲೇ ಉಳಿಯಿತು. ಹೊಸ ಹೆಸರನ್ನು ಓದುವಾಗ 'ಇದರ ಆಕಾರ ಹೀಗೇ ಇರಬೇಕು' ಎಂದು ತಟ್ಟನೆ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ.

ಹೆಸರು ಬದಲಿಸಿಕೊಂಡ ಜೇನು

ಗೋಡೆಯ ಬಿರುಕು, ಮರದ ಪೊಟರೆಗಳಲ್ಲಿ ಗೂಡು ಕಟ್ಟುವ, ಚುಚ್ಚದ ಪುಟ್ಟ ಜೇನನ್ನು ನೋಡಿದ್ದೀರಾ? ಮಲೆನಾಡಿನಲ್ಲಿ ಇದನ್ನು ಮಿಸರಿ ಜೇನು ಎನ್ನುತ್ತಾರೆ. ಸುಮಾರು 4 ಮಿಲಿಮೀಟರ್ ಉದ್ದದ ಈ ಹುಳು ಮೇಣ ಮತ್ತು ಮರದ ಅಂಟಿನಿಂದ ಗೂಡಿನ ಬಾಯಿಗೆ ಒಂದು ಕೊಳವೆ ಕಟ್ಟುತ್ತದೆ. ಜೇನುತುಪ್ಪವನ್ನು ಚಿಕ್ಕ ಚಿಕ್ಕ ಮಡಕೆಗಳಂತಹ ಕೋಶಗಳಲ್ಲಿ ತುಂಬಿಡುತ್ತದೆ. ತುಪ್ಪದ ರುಚಿ ಸ್ವಲ್ಪ ಹುಳಿ.

ಹಳೆಯ ಪುಸ್ತಕಗಳಲ್ಲಿ ಇದರ ಹೆಸರು 'ಟ್ರೈಗೋನಾ ಇರಿಡಿಪೆನ್ನಿಸ್'. ಟ್ರೈಗೋನಾ ಎಂದರೆ ಮತ್ತೆ ನಮ್ಮ ತ್ರಿಕೋನವೇ. ಆದರೆ ಈಗ ಟ್ರೈಗೋನಾ ಎಂಬ ಹೆಸರನ್ನು ಅಮೆರಿಕ ಖಂಡಗಳ ಜೇನುಗಳಿಗೆ ಮಾತ್ರ ಉಳಿಸಿ, ನಮ್ಮ ಮಿಸರಿಯನ್ನು 'ಟೆಟ್ರಾಗೊನುಲಾ' ಎಂಬ ಬೇರೆ ಗುಂಪಿಗೆ ಸೇರಿಸಿದ್ದಾರೆ. ಟೆಟ್ರಾ ಎಂದರೆ ನಾಲ್ಕು. ತ್ರಿಕೋನವಾಗಿದ್ದ ಜೇನು ಹೆಸರಿನಲ್ಲಿ ಚತುಷ್ಕೋನವಾಯಿತು. ಹುಳುವಿಗೆ ಇದು ಗೊತ್ತಿಲ್ಲ.

ಬಾಗಿಲು, ನದಿ ಮತ್ತು ತೋಳು

ಗ್ರೀಕ್ ವರ್ಣಮಾಲೆಯ ನಾಲ್ಕನೆಯ ಅಕ್ಷರ 'ಡೆಲ್ಟಾ'. ದೊಡ್ಡಕ್ಷರದಲ್ಲಿ ಅದನ್ನು ಬರೆಯುವುದು ನೆಟ್ಟಗೆ ನಿಂತ ಒಂದು ತ್ರಿಕೋನವಾಗಿ. ಗ್ರೀಕರು ತಮ್ಮ ಅಕ್ಷರಗಳನ್ನು ಫಿನೀಷಿಯನ್ನರಿಂದ ಕಲಿತರು. ಫಿನೀಷಿಯನ್ನರಲ್ಲಿ ಈ ಅಕ್ಷರದ ಹೆಸರಿಗೆ ಬಾಗಿಲು ಎಂಬ ಅರ್ಥವಿತ್ತು.

ಸುಮಾರು 2400 ವರ್ಷಗಳಿಗೂ ಹಿಂದೆ ಬದುಕಿದ್ದ ಹೆರೊಡೋಟಸ್ ಎಂಬ ಗ್ರೀಕ್ ಇತಿಹಾಸಕಾರ, ನೈಲ್ ನದಿ ಕವಲೊಡೆದು ಸಮುದ್ರ ಸೇರುವ ಪ್ರದೇಶವನ್ನು ಡೆಲ್ಟಾ ಎಂದು ಕರೆದಿದ್ದಾನೆ. ನಮ್ಮ ಸಮಾಜ ವಿಜ್ಞಾನ ಪುಸ್ತಕದಲ್ಲಿ ಇದೇ 'ಮುಖಜ ಭೂಮಿ'. ಭೂಪಟ ತೆರೆದು ಈಜಿಪ್ಟನ್ನು ಹುಡುಕಿ. ಕೈರೋ ನಗರದ ಬಳಿ ಒಂದು ತುದಿ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಸುಮಾರು 240 ಕಿಲೋಮೀಟರ್ ಅಗಲದ ಬದಿ. ನಮ್ಮ ಭೂಪಟದಲ್ಲಿ ಉತ್ತರ ಮೇಲಿರುವುದರಿಂದ ಈ ಡೆಲ್ಟಾ ತಲೆಕೆಳಗಾಗಿ ಕಾಣುತ್ತದೆ.

ಕೊಡಗಿನಲ್ಲಿ ಹುಟ್ಟುವ ಕಾವೇರಿ ತಮಿಳುನಾಡಿನಲ್ಲಿ ಇಂತಹ ಮುಖಜ ಭೂಮಿ ಕಟ್ಟಿದೆ, ಕೃಷ್ಣೆ ಆಂಧ್ರಪ್ರದೇಶದಲ್ಲಿ ಕಟ್ಟಿದೆ. ಆದರೆ ಕಾರವಾರದ ಕಾಳಿ, ಹೊನ್ನಾವರದ ಶರಾವತಿ, ಮಂಗಳೂರಿನ ನೇತ್ರಾವತಿ ನದಿಗಳಿಗೆ ಮುಖಜ ಭೂಮಿ ಇಲ್ಲ, ಅಳಿವೆ ಇದೆ. ಘಟ್ಟದಿಂದ ಇಳಿದು ಬೇಗನೆ ಸಮುದ್ರ ಸೇರುವ ಈ ನದಿಗಳಿಗೆ ಬಯಲಿನಲ್ಲಿ ನಿಧಾನವಾಗಿ ಹರಿದು ಮಣ್ಣು ಹರಡಲು ಜಾಗವೇ ಇಲ್ಲ.

ಈಗ ತೋಳಿಗೆ ಬರೋಣ. ಹೆಗಲನ್ನು ಟೋಪಿಯಂತೆ ಮುಚ್ಚಿರುವ ದಪ್ಪ ಸ್ನಾಯುವಿನ ಹೆಸರು 'ಡೆಲ್ಟಾಯ್ಡ್', ಅಂದರೆ ಡೆಲ್ಟಾದಂತಹದು. ಮುಂದೆ ಕೊರಳೆಲುಬು, ಹಿಂದೆ ಹೆಗಲೆಲುಬು, ಇವುಗಳ ಉದ್ದಕ್ಕೂ ಅಗಲವಾಗಿ ಹುಟ್ಟಿ, ಕೆಳಗೆ ತೋಳಿನ ಮೂಳೆಯ ನಡುಭಾಗದಲ್ಲಿ ಚೂಪಾಗಿ ಅಂಟಿಕೊಳ್ಳುತ್ತದೆ. ಇದೂ ತಲೆಕೆಳಗಾದ ಡೆಲ್ಟಾವೇ. ಎಡ ಹೆಗಲಿನ ಮೇಲೆ ಬಲ ಅಂಗೈ ಇಟ್ಟು, ಎಡಗೈಯನ್ನು ಪಕ್ಕಕ್ಕೆ ಎತ್ತಿ. ಅಂಗೈ ಕೆಳಗೆ ಗಟ್ಟಿಯಾಗುತ್ತದಲ್ಲ, ಅದೇ ಡೆಲ್ಟಾಯ್ಡ್. ಈಗ ಆರ್ಯಭಟನ ಪದವನ್ನು ನೆನಪಿಸಿಕೊಳ್ಳಿ. ನಾವು ತೋಳಿನ ಹೆಸರನ್ನು ತ್ರಿಕೋನಕ್ಕೆ ಕೊಟ್ಟಿದ್ದೇವೆ. ಅಂಗರಚನಾಶಾಸ್ತ್ರದವರು ತ್ರಿಕೋನದ ಹೆಸರನ್ನು ತೋಳಿನ ಸ್ನಾಯುವಿಗೆ ಕೊಟ್ಟರು!

ಈ ಸ್ನಾಯುವಿನ ಆಕಾರ ಗೊತ್ತಿರುವುದರಿಂದ ನಿಮಗೊಂದು ಉಪಯೋಗವಿದೆ. ಧನುರ್ವಾಯು ಮತ್ತು ಗಂಟಲಮಾರಿ ರೋಗಗಳ ವಿರುದ್ಧ 10 ವರ್ಷಕ್ಕೆ ಮತ್ತು 16 ವರ್ಷಕ್ಕೆ ಟಿಡಿ ಚುಚ್ಚುಮದ್ದು ಹಾಕುವುದು ಈ ಸ್ನಾಯುವಿಗೇ. ಇಲ್ಲೇ ಏಕೆ? ಇಲ್ಲಿ ಮಾಂಸಲ ಭಾಗ ದಪ್ಪವಾಗಿದೆ, ರಕ್ತ ಸಂಚಾರ ಚೆನ್ನಾಗಿದೆ, ನಡುಭಾಗದಲ್ಲಿ ದೊಡ್ಡ ರಕ್ತನಾಳಗಳಿಲ್ಲ. ಎಳೆ ಮಗುವಿನಲ್ಲಿ ಈ ಸ್ನಾಯು ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಅದಕ್ಕೆ ತೊಡೆಯಲ್ಲಿ ಹಾಕುತ್ತಾರೆ.

ತ್ರಿಕೋನದೊಳಗೂ ಎಲ್ಲೆಂದರಲ್ಲಿ ಚುಚ್ಚುವಂತಿಲ್ಲ. ಹೆಗಲ ತುದಿಯಲ್ಲಿ ಕೈಗೆ ಸಿಗುವ ಮೂಳೆಯ ಅಂಚಿನಿಂದ ಎರಡು ಮೂರು ಬೆರಳಿನಷ್ಟು ಕೆಳಗೆ, ಸ್ನಾಯು ಅಗಲವಾಗಿರುವ ನಡುಭಾಗ ಸರಿಯಾದ ಜಾಗ. ತೀರಾ ಮೇಲೆ ಚುಚ್ಚಿದರೆ ಮದ್ದು ಹೆಗಲಿನ ಕೀಲಿಗೆ ತಗುಲಿ ನೋವು ಬಹಳ ದಿನ ಉಳಿಯಬಹುದು. ತೀರಾ ಕೆಳಗೆ, ತ್ರಿಕೋನದ ಚೂಪು ತುದಿಯ ಕಡೆಗೆ ಹೋದರೆ ನರಗಳಿವೆ. ಆದ್ದರಿಂದ ಆರೋಗ್ಯ ಸಹಾಯಕಿ ಶಾಲೆಗೆ ಬಂದಾಗ ಅಂಗಿಯ ಕತ್ತಿನ ಪಟ್ಟಿಯನ್ನು ಕೆಳಗೆ ಎಳೆದು ಹೆಗಲಿನ ಮೇಲ್ತುದಿಯನ್ನಷ್ಟೇ ತೋರಿಸಬೇಡಿ. ತೋಳನ್ನು ಪೂರ್ತಿ ಮಡಚಿ, ಆಗದಿದ್ದರೆ ಒಂದು ತೋಳು ಬಿಚ್ಚಿ, ಇಡೀ ತ್ರಿಕೋನ ಕಾಣುವಂತೆ ಕುಳಿತುಕೊಳ್ಳಿ. ಕೈಯನ್ನು ಬಿಗಿ ಹಿಡಿಯದೆ ಸಡಿಲವಾಗಿ ಬಿಡಿ. ಬಿಗಿದ ಸ್ನಾಯುವಿಗೆ ಸೂಜಿ ಹೋದರೆ ನೋವು ಹೆಚ್ಚು.

ಮೂತ್ರಕೋಶದ ಮೂರು ಬಾಗಿಲು

ದೇಹದೊಳಗೆ ಕಣ್ಣಿಗೆ ಕಾಣದ ಇನ್ನೊಂದು ತ್ರಿಕೋನವಿದೆ. ಎರಡು ಮೂತ್ರಪಿಂಡಗಳಿಂದ ಎರಡು ನಾಳಗಳು ಇಳಿದು ಬಂದು ಮೂತ್ರಕೋಶಕ್ಕೆ ಸೇರುತ್ತವೆ. ಕೆಳಗೆ ಮೂತ್ರ ಹೊರಹೋಗುವ ಒಂದು ದಾರಿ. ಮೇಲಿನ ಎರಡು ರಂಧ್ರ, ಕೆಳಗಿನ ಒಂದು ರಂಧ್ರ, ಈ ಮೂರನ್ನೂ ಗೆರೆ ಎಳೆದು ಸೇರಿಸಿದರೆ ಆಗುವ ಜಾಗಕ್ಕೆ 'ಟ್ರೈಗೋನ್' ಎಂದು ಹೆಸರು. ಖಾಲಿ ಮೂತ್ರಕೋಶದ ಒಳಗೋಡೆ ಮುದುಡಿದ ಚೀಲದಂತೆ ಸುಕ್ಕುಗಟ್ಟಿರುತ್ತದೆ. ಈ ತ್ರಿಕೋನದ ಭಾಗ ಮಾತ್ರ ಆಗಲೂ ನುಣುಪಾಗಿರುತ್ತದೆ.

ಇಲ್ಲಿ ಒಂದು ಜಾಣ ಏರ್ಪಾಡಿದೆ. ಮೇಲಿನಿಂದ ಬರುವ ನಾಳಗಳು ಮೂತ್ರಕೋಶದ ಗೋಡೆಯನ್ನು ನೇರವಾಗಿ ತೂರುವುದಿಲ್ಲ, ಓರೆಯಾಗಿ ಹಾಯ್ದು ಬರುತ್ತವೆ. ಮೂತ್ರಕೋಶ ತುಂಬಿದಂತೆ ಒಳಗಿನ ಒತ್ತಡಕ್ಕೆ ಆ ಓರೆ ಭಾಗ ಅದುಮಿಕೊಂಡು ಮುಚ್ಚುತ್ತದೆ. ಮೂತ್ರ ಹಿಂದಕ್ಕೆ ಮೂತ್ರಪಿಂಡದ ಕಡೆ ಹೋಗುವುದಿಲ್ಲ. ಸೈಕಲ್ ಚಕ್ರಕ್ಕೆ ಗಾಳಿ ಹೊಡೆದಾಗ ವಾಲ್ವು ಗಾಳಿಯನ್ನು ಹೊರಗೆ ಬಿಡದಂತೆ ತಡೆಯುತ್ತದಲ್ಲ, ಹಾಗೆ. ದೊಡ್ಡವರಲ್ಲಿ ಸುಮಾರು 300 ರಿಂದ 400 ಮಿಲಿಲೀಟರ್ ತುಂಬುವ ಹೊತ್ತಿಗೆ ಗೋಡೆ ಹಿಗ್ಗಿದ ಸುದ್ದಿ ನರಗಳ ಮೂಲಕ ಮೆದುಳಿಗೆ ತಲುಪಿ, ಹೋಗಬೇಕೆನಿಸುತ್ತದೆ. ಶೌಚಾಲಯಕ್ಕೆ ಹೋಗಲು ನಾಚಿ ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯದೆ, ಬಂದ ಮೂತ್ರವನ್ನೂ ತಡೆದುಕೊಂಡು ಕೂರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ನಮ್ಮ ಶಾಲೆಗಳಲ್ಲಿ ಇದ್ದಾರೆ. ಹೀಗೆ ಮಾಡಿದರೆ ಒಳಗೆ ಸೇರಿದ ಸೂಕ್ಷ್ಮಜೀವಿಗಳು ಹೊರಗೆ ಕೊಚ್ಚಿ ಹೋಗದೆ ಅಲ್ಲೇ ಬೆಳೆದು ಉರಿಮೂತ್ರ ತರುತ್ತವೆ. ತರಗತಿ ನಡೆಯುತ್ತಿದ್ದರೂ ಕೇಳಿ ಎದ್ದು ಹೋಗಿ. ಶಿಕ್ಷಕರು ಬೇಡವೆನ್ನಬಾರದು.

ಮಣಿಕಟ್ಟಿನಲ್ಲಿರುವ 8 ಚಿಕ್ಕ ಮೂಳೆಗಳಲ್ಲಿ ಕಿರುಬೆರಳಿನ ಕಡೆಗಿರುವ ಒಂದಕ್ಕೆ 'ಟ್ರೈಕ್ವೀಟ್ರಮ್' ಎಂದು ಹೆಸರು. ಲ್ಯಾಟಿನ್‌ನಲ್ಲಿ ಇದಕ್ಕೂ ಮೂರು ಮೂಲೆಯದು ಎಂದೇ ಅರ್ಥ. ಆದರೆ 'ಟ್ರೈ' ಕಂಡಲ್ಲೆಲ್ಲಾ ತ್ರಿಕೋನ ಎನ್ನಬೇಡಿ. ತೋಳಿನ ಹಿಂಭಾಗದ 'ಟ್ರೈಸೆಪ್ಸ್' ಸ್ನಾಯುವಿಗೆ ಮೂರು ತಲೆ ಎಂದು ಅರ್ಥ. ಅದು ಮೂರು ಕಡೆಯಿಂದ ಹುಟ್ಟುತ್ತದೆ. ಕೋನಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾಡನ್ನು ಅಳೆದ ತ್ರಿಕೋನಗಳು

ತ್ರಿಕೋನಮಿತಿ ಎಂದರೆ ತ್ರಿಕೋನಗಳ ಅಳತೆ. ಇದಕ್ಕೆ ಸಮನಾದ 'ಟ್ರಿಗೊನೊಮೆಟ್ರಿ' ಎಂಬ ಹೆಸರನ್ನು 1595ರಲ್ಲಿ ಪಿಟಿಸ್ಕಸ್ ಎಂಬಾತ ತನ್ನ ಪುಸ್ತಕಕ್ಕೆ ಇಟ್ಟ. ವಿಷಯ ಅದಕ್ಕಿಂತ ಎಷ್ಟೋ ಹಳೆಯದು.

ಅಳೆಯಲು ತ್ರಿಕೋನವೇ ಏಕೆ? ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್‌ಟ್ಯೂಬಿನ ತುಂಡುಗಳಿಂದ ಒಂದು ಚೌಕ, ಒಂದು ತ್ರಿಕೋನ ಮಾಡಿ. ಚೌಕವನ್ನು ಒತ್ತಿದರೆ ವಾಲುತ್ತದೆ. ತ್ರಿಕೋನ ಅಲುಗುವುದಿಲ್ಲ. ಬದಿಗಳ ಉದ್ದ ನಿಂತರೆ ಕೋನಗಳೂ ನಿಂತುಬಿಡುತ್ತವೆ. ಹಾಗೆಯೇ ಒಂದು ಬದಿ ಮತ್ತು ಅದರ ಎರಡು ತುದಿಯ ಕೋನಗಳು ಗೊತ್ತಾದರೆ, ಉಳಿದ ಎರಡು ಬದಿಗಳನ್ನು ನಡೆದು ಹೋಗಿ ಅಳೆಯಬೇಕಾಗಿಲ್ಲ, ಲೆಕ್ಕ ಹಾಕಿದರೆ ಸಾಕು. ಆ ಹೊಸ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು.

ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಒಂದೇ ಗೆರೆಯನ್ನು ಸರಪಳಿಯಿಂದ ಅಳೆದು ಇಂತಹ ತ್ರಿಕೋನಗಳ ಸಾಲನ್ನು ಆರಂಭಿಸಿದ. ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆಯುತ್ತಾ ಬೆಂಗಳೂರು ತಲುಪಿ, 1804ರಲ್ಲಿ ಅಲ್ಲಿ ಮತ್ತೊಂದು ಗೆರೆಯನ್ನು ಸರಪಳಿ ಹಿಡಿದು ಅಳೆದು ನೋಡಿದ. ಲೆಕ್ಕದಿಂದ ಬಂದ ಉದ್ದಕ್ಕೂ ಅಳೆದ ಉದ್ದಕ್ಕೂ ಕೆಲವೇ ಅಂಗುಲಗಳ ವ್ಯತ್ಯಾಸ! ಕೋನ ಅಳೆಯುವ ಅವನ ಉಪಕರಣ ಸುಮಾರು ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಕಡಿದು ಗೋಡೆಗೆ ಬಡಿದು ಜಖಂ ಆಯಿತು. ಲ್ಯಾಂಬ್ಟನ್ ತಾನೇ ಕುಳಿತು ರಿಪೇರಿ ಮಾಡಿದ. ಆತ 1823ರಲ್ಲಿ ತೀರಿಕೊಂಡ ಮೇಲೂ ತ್ರಿಕೋನಗಳು ಉತ್ತರಕ್ಕೆ ಸಾಗಿ ಹಿಮಾಲಯದ ತಪ್ಪಲು ಮುಟ್ಟಿದವು. ಜಗತ್ತಿನ ಅತಿ ಎತ್ತರದ ಶಿಖರವನ್ನು ಗುರುತಿಸಿದ್ದು ಇದೇ ಸರ್ವೇಕ್ಷಣೆಯಲ್ಲಿ. ಅದರ ಲೆಕ್ಕದಲ್ಲಿ ರಾಧಾನಾಥ ಸಿಕ್ದಾರ್ ಎಂಬ ಬಂಗಾಳದ ಗಣಿತಜ್ಞನ ಪಾತ್ರ ದೊಡ್ಡದು.

ಮಾಡಿ ನೋಡಿ

ನಿಮ್ಮ ಶಾಲೆಯ ಧ್ವಜಸ್ತಂಭ ಹತ್ತದೆಯೇ ಅದರ ಎತ್ತರ ಅಳೆಯಬಹುದು. ಒಂದು ಚೌಕ ರಟ್ಟನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ಸಿಗುವ ತ್ರಿಕೋನದಲ್ಲಿ ಎರಡು ಸಮ ಬದಿ, ಒಂದು ಉದ್ದ ಬದಿ ಇರುತ್ತವೆ. ಒಂದು ಸಮ ಬದಿ ನೆಲಕ್ಕೆ ಸಮಾನಾಂತರವಾಗಿ, ಇನ್ನೊಂದು ಕಂಬದ ಕಡೆಗೆ ನೆಟ್ಟಗೆ ಇರುವಂತೆ ರಟ್ಟನ್ನು ಕಣ್ಣಿನ ಹತ್ತಿರ ಹಿಡಿಯಿರಿ. ನೆಟ್ಟಗಿದೆಯೇ ಎಂದು ತಿಳಿಯಲು ಆ ಬದಿಗೆ ದಾರದಲ್ಲಿ ಒಂದು ಕಲ್ಲು ಕಟ್ಟಿ ಇಳಿಬಿಡಿ. ಈಗ ಉದ್ದ ಬದಿಯ ಗುಂಟ ಮೇಲೆ ನೋಡುತ್ತಾ ಹಿಂದೆ ಮುಂದೆ ನಡೆಯಿರಿ. ಕಂಬದ ತುದಿ ಆ ಗೆರೆಗೆ ಸರಿಯಾಗಿ ಕಂಡಾಗ ನಿಲ್ಲಿ. ಗೆಳೆಯರಿಗೆ ಹೇಳಿ ನಿಮ್ಮ ಕಾಲಿನಿಂದ ಕಂಬದ ಬುಡದವರೆಗೆ ಅಳೆಸಿ. ಬಂದ ಅಳತೆಗೆ ನೆಲದಿಂದ ನಿಮ್ಮ ಕಣ್ಣಿನವರೆಗಿನ ಎತ್ತರವನ್ನು ಕೂಡಿಸಲು ಮರೆಯಬೇಡಿ.